ಸಾಲಿಡ್ ಎಡ್ಜ್ ಜೊತೆ ಇಪ್ಪತ್ತು ವರ್ಷ: ಮಾಲೀಕರು ಬದಲಾದರು, ನನ್ನ ಹಳೇ ಫೈಲ್ ಇನ್ನೂ ತೆರೆಯುತ್ತದೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಶೀಟ್ ಮೆಟಲ್ ಕೆಲಸ. ಪ್ಯಾನೆಲ್ ಬೋರ್ಡ್, ಮಷಿನ್ ಕವರ್, ಒಂದಿಷ್ಟು ಫಿಕ್ಚರ್. 2003ರಲ್ಲಿ ಬೆಳಗಾವಿಯಿಂದ ಇಲ್ಲಿಗೆ ಬಂದಾಗ ಕೈಗೆ ಸಿಕ್ಕಿದ್ದು ಸಾಲಿಡ್ ಎಡ್ಜ್, ಕಂಪ್ಯೂಟರಿನಲ್ಲಿ ಪಾರ್ಟ್‌ಗಳ 3ಡಿ ಡಿಸೈನ್ ಮತ್ತು ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್. ಇವತ್ತಿಗೂ ಅದರಲ್ಲೇ ಕೆಲಸ.

ಆಗ ಅದು ಇಡಿಎಸ್ ಅನ್ನೋ ಅಮೆರಿಕದ ಐಟಿ ಕಂಪನಿಯ ಕೈಲಿತ್ತು. ಮರುವರ್ಷವೇ ಮೂರು ಹೂಡಿಕೆ ಕಂಪನಿಗಳು ಸೇರಿ ಇಡಿಎಸ್‌ನ ಆ ವಿಭಾಗವನ್ನೇ ಸುಮಾರು 205 ಕೋಟಿ ಡಾಲರ್‌ಗೆ ಕೊಂಡವು, ಯುಜಿಎಸ್ ಅಂತ ಹೆಸರು ಬಂತು. 2007ರಲ್ಲಿ ಸೀಮೆನ್ಸ್ 350 ಕೋಟಿ ಡಾಲರ್ ಕೊಟ್ಟು ಯುಜಿಎಸ್ ಅನ್ನೇ ಕೊಂಡಿತು. ಸಾಲಿಡ್ ಎಡ್ಜ್ ಅನ್ನು ಮೊದಲು ಕಟ್ಟಿದ್ದು ಅಮೆರಿಕದ ಇಂಟರ್‌ಗ್ರಾಫ್, 1998ರಲ್ಲಿ ಯುನಿಗ್ರಾಫಿಕ್ಸ್ ಸಲ್ಯೂಷನ್ಸ್‌ಗೆ ಮಾರಿತ್ತು. ಹೆಸರು ಬದಲಾದಾಗಲೆಲ್ಲ ನಮ್ಮ ಶಾಪಿನಲ್ಲಿ ಒಂದೇ ಚಿಂತೆ: ಹಳೇ ಡ್ರಾಯಿಂಗ್‌ಗಳ ಗತಿ ಏನು?

ಏನೂ ಆಗಲಿಲ್ಲ. ಹೋದ ತಿಂಗಳು 2004ರ ಒಂದು ಕವರ್‌ಗೆ ಮತ್ತೆ ಆರ್ಡರ್ ಬಂತು. ಫೈಲ್ ತೆರೆದೆ. 40 ಮಿಮೀ ಇದ್ದ ಫ್ಲಾಂಜ್ (ಬಗ್ಗಿಸಿದ ಅಂಚು) 45 ಮಾಡಿದೆ. ಫ್ಲಾಟ್ ಪ್ಯಾಟರ್ನ್, ಅಂದರೆ ಬಗ್ಗಿಸುವ ಮೊದಲಿನ ಚಪ್ಪಟೆ ಆಕಾರ, ತಾನೇ ಸರಿಹೋಯಿತು. ಅರ್ಧ ಗಂಟೆಯಲ್ಲಿ ಅದರ ಡಿಎಕ್ಸ್‌ಎಫ್ ಡ್ರಾಯಿಂಗ್ ಫೈಲ್ ಲೇಸರ್ ಕಟಿಂಗ್‌ಗೆ ಹೋಯಿತು. ನನಗೆ ನಿಜಕ್ಕೂ ಖುಷಿಯಾಯಿತು.

ಇದಕ್ಕೆ ಒಂದು ಮುಖ್ಯ ಕಾರಣ ಪ್ಯಾರಾಸಾಲಿಡ್. ಆಕಾರಗಳ ಲೆಕ್ಕವನ್ನೆಲ್ಲ ಒಳಗೆ ಕೂತು ಮಾಡುವ ಕರ್ನಲ್ ಅದು, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ್ದು. ಸಾಲಿಡ್ ಎಡ್ಜ್ ಶುರುವಾಗಿದ್ದು ಏಸಿಸ್ ಕರ್ನಲ್ ಮೇಲೆ. 1998ರ ಕೈಬದಲಿನ ಜೊತೆಗೆ ಪ್ಯಾರಾಸಾಲಿಡ್‌ಗೆ ಬಂತು, ಆಮೇಲೆ ಯಾರೇ ಕೊಂಡರೂ ಅದನ್ನು ಬಿಡಲಿಲ್ಲ. ಇಂಥದೇ ಇನ್ನೊಂದು ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್ 1997ರಿಂದ ಡಸಾಲ್ಟ್ ಸಿಸ್ಟಮ್ಸ್‌ನದು, ಸೀಮೆನ್ಸ್‌ಗೆ ನೇರ ಎದುರಾಳಿ. ಅದರ ಒಳಗಿರುವುದೂ ಇದೇ ಪ್ಯಾರಾಸಾಲಿಡ್! ಹಾಗಾಗಿ ಚಾಕಣದ ಗಿರಾಕಿ ಸಾಲಿಡ್‌ವರ್ಕ್ಸ್‌ನಿಂದ ಎಕ್ಸ್-ಟಿ (ಪ್ಯಾರಾಸಾಲಿಡ್‌ನದೇ ರೂಪದ) ಫೈಲ್ ಕಳಿಸಿದರೆ ನನ್ನಲ್ಲಿ ಚೂರೂ ಒಡೆಯದೆ ತೆರೆಯುತ್ತದೆ.

2008ರಲ್ಲಿ ಬಂದ, ಆಕಾರವನ್ನು ನೇರವಾಗಿ ಎಳೆದು ಬದಲಿಸುವ ಸಿಂಕ್ರೊನಸ್ ವಿಧಾನವನ್ನು ನಾನು ಬಹಳ ದಿನ ಮುಟ್ಟಲಿಲ್ಲ. ಹೆಜ್ಜೆ ಹೆಜ್ಜೆಯಾಗಿ ಕಟ್ಟುವ ಹಳೇ ಆರ್ಡರ್ಡ್ ವಿಧಾನದಲ್ಲಿ ಕೈ ಪಳಗಿತ್ತು. ಈಗ ಹೊರಗಿನಿಂದ ಬಂದ ಸ್ಟೆಪ್ ಫೈಲ್‌ಗೆ (ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವಿನ ಸಾಮಾನ್ಯ ರೂಪ) ಸಿಂಕ್ರೊನಸ್ಸೇ ಬೇಕು. ಸ್ಕ್ರೀನ್ ಮೇಲಿನ ಸ್ಟೀರಿಂಗ್ ವೀಲ್ ಎಂಬ ಹಿಡಿಕೆ ಹಿಡಿದು ಒಂದು ಮುಖ ಎಳೆದರೆ ರಂಧ್ರಗಳೂ ಜೊತೆಗೇ ಸರಿಯುತ್ತವೆ. ಎರಡನ್ನೂ ಒಂದೇ ಫೈಲಿನಲ್ಲಿ ಬಳಸಬಹುದು.

ಹೊಸಬರು ನ್ಯೂಟ್ರಲ್ ಫ್ಯಾಕ್ಟರ್ ತಪ್ಪದೇ ನೋಡಿ, ಬೆಂಡ್‌ಗೆ ಎಷ್ಟು ಶೀಟ್ ಬೇಕು ಅಂತ ಲೆಕ್ಕ ಹಾಕುವ ಅಂಕಿ ಅದು. ಮೊದಲೇ ಇರುವುದು 0.33. 2 ಮಿಮೀ ಶೀಟ್ ಬಗ್ಗಿಸಿ ಅಳೆದಾಗ ನಮ್ಮ ಪ್ರೆಸ್ ಬ್ರೇಕ್‌ಗೆ (ಶೀಟ್ ಬಗ್ಗಿಸುವ ಮಷಿನ್) 0.42 ಹೊಂದಿತು. 90 ಡಿಗ್ರಿಯ ಒಂದು ಬೆಂಡ್‌ಗೆ ಸುಮಾರು 0.28 ಮಿಮೀ ವ್ಯತ್ಯಾಸ. ನಾಲ್ಕು ಬೆಂಡ್ ಇದ್ದರೆ ಒಂದು ಮಿಮೀ ದಾಟುತ್ತದೆ, ಬಾಗಿಲು ಕೂರುವುದಿಲ್ಲ. ಇನ್ನೊಂದು ಮಾತು, ಸ್ಕ್ರೀನ್ ಮೇಲೆ ಬಗ್ಗಿದ್ದೆಲ್ಲ ಮಷಿನ್ ಮೇಲೆ ಬಗ್ಗಲ್ಲ. ನಮ್ಮ ವಿಜಯಪುರದ ಆಪರೇಟರ್ ಡ್ರಾಯಿಂಗ್ ನೋಡಿದ ಕೂಡಲೇ ಹೇಳುತ್ತಾರೆ: "ಅಣ್ಣಾರ, ಈ ಬೆಂಡ್ ಆಗಂಗಿಲ್ರೀ, ಡೈಗೆ ಬಡಿತೈತಿ." ಅವರಿಗೆ ತೋರಿಸದೆ ನಾನು ಯಾವ ಡ್ರಾಯಿಂಗೂ ಬಿಡುವುದಿಲ್ಲ.

ನನಗೆ ನೋವಾದದ್ದು ಲೈಸೆನ್ಸ್ ವಿಷಯದಲ್ಲಿ. ನಮ್ಮಲ್ಲಿ ಎರಡು ಸೀಟು, ಅಂದರೆ ಎರಡು ಲೈಸೆನ್ಸ್. ಒಮ್ಮೆ ಒಂದನ್ನಷ್ಟೇ ಹೊಸ ವರ್ಷನ್‌ಗೆ ಏರಿಸಿದೆವು. ಹೊಸದರಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ತೆರೆಯಲ್ಲ ಅಂತ ಡೀಲರ್ ಬಾಯಿಬಿಡಲಿಲ್ಲ. ಡೆಲಿವರಿ ಹಿಂದಿನ ರಾತ್ರಿ ಕೂತು ಅರವತ್ತು ಪಾರ್ಟ್‌ಗಳನ್ನು ಎಕ್ಸ್-ಟಿಗೆ ತಿರುಗಿಸಿದೆ. ಆಕಾರ ಉಳಿಯಿತು, ಫೀಚರ್ ಹಿಸ್ಟರಿ (ಪಾರ್ಟ್ ಕಟ್ಟಿದ ಹೆಜ್ಜೆಗಳ ದಾಖಲೆ) ಪೂರ್ತಿ ಹೋಯಿತು. ಈಗ ಏರಿಸಿದರೆ ಎರಡನ್ನೂ ಒಟ್ಟಿಗೇ ಏರಿಸುತ್ತೇವೆ, ಪ್ರತಿ ಮುಗಿದ ಕೆಲಸದ ಎಕ್ಸ್-ಟಿ ಪ್ರತಿಯನ್ನೂ ಬೇರೆ ಇಡುತ್ತೇವೆ.

ಧಾರವಾಡದಲ್ಲಿ ಓದುವ ಅಕ್ಕನ ಮಗ ವಿದ್ಯಾರ್ಥಿಗಳ ಉಚಿತ ಆವೃತ್ತಿಯಲ್ಲಿ ಕಲಿಯುತ್ತಿದ್ದಾನೆ. ಕಲಿಯೋಕೆ ಧಾರಾಳ ಸಾಕು. ಆದರೆ ಅದರ ಫೈಲ್ ನಮ್ಮ ಲೈಸೆನ್ಸ್‌ನಲ್ಲಿ ತೆರೆಯುವುದಿಲ್ಲ. "ಮಾಮಾ, ರಜೆಯಲ್ಲಿ ನಿಮ್ಮ ಕೆಲಸ ಮಾಡಿಕೊಡ್ಲಾ?" ಅಂದ. ಪುಣೆಗೇ ಬಾ, ನಮ್ಮ ಸೀಟಿನಲ್ಲೇ ಕೂತು ಮಾಡು ಅಂದಿದ್ದೇನೆ.