ಸದ್ದು ಚಿಕ್ಕದಾದರೆ ಅಲ್ಲೇ ನಿಲ್ಲಿಸಿ: ನನ್ನ ಪುಟ್ಟ ಪಿಸ್ತೂಲು ಕೈಕೊಟ್ಟ ಕಥೆ

ಆ ದಿನ ಸದ್ದು ಸ್ವಲ್ಪ ಚಿಕ್ಕದಾಗಿ ಬಂತು, ಅಷ್ಟೇ. "ಟಪ್" ಅನ್ನಬೇಕಾದ ಕಡೆ "ಪುಸ್" ಅಂದಿತು. ಕಿವಿಗೆ ಮಫ್ ಹಾಕಿಕೊಂಡಿದ್ದೆ. ಪಕ್ಕದಲ್ಲಿ ಯಾರೋ ದೊಡ್ಡ ಪಿಸ್ತೂಲಿನಲ್ಲಿ ಈಡು ಹಾರಿಸುತ್ತಿದ್ದರು. ಹಾಗಾಗಿ ಆ "ಪುಸ್" ಕೂಡ ಸರಿಯಾಗಿ ಕೇಳಿಸಲಿಲ್ಲ. ಪ್ರತಿ ಈಡಿಗೂ ತಾನಾಗೇ ಹಿಂದಕ್ಕೆ ಸರಿದು ಖಾಲಿ ಚಿಪ್ಪು ಎಸೆಯಬೇಕಾದ ಮೇಲಿನ ಭಾಗ, ಅಂದರೆ ಸ್ಲೈಡ್, ಹಿಂದಕ್ಕೆ ಬರಲಿಲ್ಲ. ನನಗೆ ಅದೇನೂ ಹೊಸದಲ್ಲ, ಬೆಳಗ್ಗೆಯಿಂದ ಹತ್ತಾರು ಸಲ ಹಾಗೇ ಆಗಿತ್ತು. ಸ್ಲೈಡ್ ಎಳೆದೆ. ಖಾಲಿ ಚಿಪ್ಪು ಹೊರಗೆ ಬಿತ್ತು, ಹೊಸ ತೋಟಾ ಒಳಗೆ ಹೋಯಿತು. ಮತ್ತೆ ಗುರಿ ಇಟ್ಟೆ. ಬೆರಳು ಟ್ರಿಗರ್ ಮೇಲಿತ್ತು.

"ನಿಲ್ಲಿಸಿ! ಬೆರಳು ತೆಗೆಯಿರಿ!"

ಹಿಂದೆ ನಿಂತಿದ್ದ ಕೋಚ್ ಕೂಗಿದರು. ನನಗೆ ಸ್ವಲ್ಪ ಸಿಟ್ಟೇ ಬಂತು. ಅವರು ಮ್ಯಾಗಜೀನ್ (ತೋಟಾ ತುಂಬುವ ಕೋಶ) ತೆಗೆಸಿದರು, ಚೇಂಬರ್ (ಹೊಡೆಯುವಾಗ ತೋಟಾ ಕೂರುವ ಗೂಡು) ಖಾಲಿ ಮಾಡಿಸಿದರು. ಎರಡು ಸಲ ನೋಡಿ ಖಚಿತ ಮಾಡಿಕೊಂಡು, ಬ್ಯಾರೆಲ್ ಬಾಯಿಂದ ತೆಳುವಾದ ಹಿತ್ತಾಳೆ ಕಡ್ಡಿ ಬಿಟ್ಟರು. ಕಡ್ಡಿ ಅರ್ಧಕ್ಕೇ ನಿಂತಿತು. ಹಿಂದಿನ ಈಡಿನ ಗುಂಡು ಹೊರಗೆ ಹೋಗಿಯೇ ಇರಲಿಲ್ಲ! ಬ್ಯಾರೆಲ್ ಒಳಗೇ ಕಚ್ಚಿಕೊಂಡು ಕೂತಿತ್ತು.

ನಾನು ಇನ್ನೊಂದು ಈಡು ಹೊಡೆದಿದ್ದರೆ ಎರಡನೇ ಗುಂಡು ಹೋಗಿ ಅದಕ್ಕೆ ಗುದ್ದುತ್ತಿತ್ತು. ಹಿಂದೆ ಗ್ಯಾಸ್, ಮುಂದೆ ಸೀಸದ ಬಿರಡೆ. ಅದೃಷ್ಟ ಚೆನ್ನಾಗಿದ್ದರೆ ಬ್ಯಾರೆಲ್ ಉಬ್ಬಿ ಹಾಳಾಗುತ್ತದೆ. ಇಲ್ಲದಿದ್ದರೆ ಸೀಳುತ್ತದೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಪಿಸ್ತೂಲು. ಸೀಳಿದ ಕಡೆಯಿಂದ ನನ್ನ ಬೆರಳು ಎಷ್ಟು ದೂರ ಇರುತ್ತಿತ್ತು ಅಂತ ಆಮೇಲೆ ಲೆಕ್ಕ ಹಾಕಿದೆ. ಲೆಕ್ಕ ಹಾಕಬಾರದಿತ್ತು.

ಈ ಪಿಸ್ತೂಲು ಸೆಕೆಂಡ್ ಹ್ಯಾಂಡ್. ಪಾಯಿಂಟ್ ಟೂ ಟೂ, ಅಂದರೆ ಗುಂಡಿನ ಅಡ್ಡಳತೆ ಸುಮಾರು 0.22 ಇಂಚು; ಎರಡು ಇಂಚು ಚಿಲ್ಲರೆ ಬ್ಯಾರೆಲ್. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ತಪ್ಪು ಕಂಪನಿಯದಷ್ಟೇ ಅಲ್ಲ, ಅರ್ಧಕ್ಕಿಂತ ಜಾಸ್ತಿ ನನ್ನದು. ಕಾಗದಪತ್ರ ಎಲ್ಲ ಸರಿಯಾಗಿತ್ತು, ಮಾರಿದವರೂ ಒಳ್ಳೆಯವರೇ. ಜೊತೆಗೆ ಒಂದು ಡಬ್ಬಿ ತುಂಬ ಬಿಡಿ ತೋಟಾ ಬಿಟ್ಟಿಯಾಗಿ ಕೊಟ್ಟರು. ಅಷ್ಟು ವರ್ಷ ಭಾರದ ಟಾರ್ಗೆಟ್ ಪಿಸ್ತೂಲಿನಲ್ಲಿ 25 ಮೀಟರ್ ಅಭ್ಯಾಸ ಮಾಡಿದವನಿಗೆ ಇದೊಂದು ಆಟಿಕೆ ಅನ್ನಿಸಿತು. ಆ ಟಾರ್ಗೆಟ್ ಪಿಸ್ತೂಲಿಗೂ ತೋಟಾ ಇದೇ .22 ಲಾಂಗ್ ರೈಫಲ್ (ಹೆಸರಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಹಾಕುವ ತೋಟಾ). ಅದರಲ್ಲಿ ತೊಂದರೆ ಇಲ್ಲ ಅಂದಮೇಲೆ ಇದರಲ್ಲೂ ಇರಲಾರದು ಅಂದುಕೊಂಡೆ. ಇಲ್ಲೇ ಎಡವಿದೆ.

ತೋಟಾ ಒಂದೇ ಆದರೂ ಕೆಲಸ ಒಂದೇ ಅಲ್ಲ. ಈ ಪುಟ್ಟ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಬ್ಲೋಬ್ಯಾಕ್ ವ್ಯವಸ್ಥೆ ಇರುತ್ತದೆ. ಸ್ಲೈಡಿಗೆ ಬೀಗ ಅಂತ ಏನೂ ಇಲ್ಲ, ಅದರ ತೂಕ ಮತ್ತು ಸ್ಪ್ರಿಂಗ್ ಅಷ್ಟೇ ಹಿಡಿದಿಡುವುದು. ಈಡು ಹಾರಿದಾಗ ಖಾಲಿ ಚಿಪ್ಪೇ ಹಿಂದಕ್ಕೆ ತಳ್ಳಿ ಸ್ಲೈಡನ್ನು ಓಡಿಸಬೇಕು. ಪಾಯಿಂಟ್ ಟೂ ಟೂ ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಂ. ತಳ್ಳುವ ಶಕ್ತಿಯೇ ಕಮ್ಮಿ. ಹೈ ವೆಲಾಸಿಟಿ ತೋಟಾದ ಪೆಟ್ಟಿಗೆ ಮೇಲೆ ಸೆಕೆಂಡಿಗೆ 370 ಮೀಟರ್ ಆಸುಪಾಸಿನ ವೇಗ ಬರೆದಿರುತ್ತಾರೆ, ಆದರೆ ಅದು ರೈಫಲ್‌ನಷ್ಟು ಉದ್ದದ ಬ್ಯಾರೆಲ್‌ನಲ್ಲಿ ಅಳೆದದ್ದು. ಎರಡು ಇಂಚಿನಲ್ಲಿ ಅದು 300ಕ್ಕಿಂತ ಕೆಳಗಿಳಿಯುತ್ತದೆ. ಗುಂಡು ಬೇಗ ಹೊರಗೆ ಹೋಗುವುದರಿಂದ ಸ್ಲೈಡಿಗೆ ಸಿಗುವ ತಳ್ಳೂ ಕಮ್ಮಿ. ನಾನೋ, ಟಾರ್ಗೆಟ್ ಪಿಸ್ತೂಲಿಗೆ ಹಾಕುವ ಮೆತ್ತಗಿನ, ವೇಗ ಕಮ್ಮಿಯ ಸ್ಟ್ಯಾಂಡರ್ಡ್ ತೋಟಾ ಇದಕ್ಕೂ ಹಾಕಿದೆ. ಸ್ಲೈಡ್ ಅರ್ಧ ದಾರಿ ಬಂದು ವಾಪಸ್. ಖಾಲಿ ಚಿಪ್ಪು ಒಲೆಯ ಚಿಮಣಿ ಹಾಗೆ ನೆಟ್ಟಗೆ ನಿಂತು ಸಿಕ್ಕಿಕೊಳ್ಳುತ್ತಿತ್ತು.

ಹಿಡಿತದ್ದೂ ಒಂದು ಪಾಲಿತ್ತು. ಹಿಡಿ ಎಷ್ಟು ಗಿಡ್ಡ ಅಂದರೆ ಕಿರುಬೆರಳಿಗೆ ಜಾಗವೇ ಇಲ್ಲ. ಮಣಿಕಟ್ಟು ಸಡಿಲ ಬಿಟ್ಟರೆ ಇಡೀ ಪಿಸ್ತೂಲೇ ಹಿಂದಕ್ಕೆ ಬರುತ್ತದೆ, ಸ್ಲೈಡ್ ಪೂರ್ತಿ ಓಡುವುದಿಲ್ಲ. "ಕೈ ಗಟ್ಟಿ ಮಾಡಿ" ಅಂತ ಸ್ನೇಹಿತರು ಹೇಳಿದಾಗ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಅವರು ಹೇಳಿದ್ದು ನಿಜವೇ ಇತ್ತು, ಪೂರ್ತಿ ಅಲ್ಲ ಅಷ್ಟೇ.

ಇನ್ನು ತೋಟಾದ ಸ್ವಭಾವ. 1887ರಷ್ಟು ಹಳೆಯ ವಿನ್ಯಾಸ ಇದು. ಕಿಡಿ ಹೊತ್ತಿಸುವ ಮಸಾಲೆ ತಳದ ಅಂಚಿನ ಮಡಿಕೆಯೊಳಗೆ ಇರುತ್ತದೆ. ತಯಾರಿಸುವಾಗ ತೋಟಾವನ್ನು ಗಿರ್ರನೆ ತಿರುಗಿಸಿ ಆ ಮಸಾಲೆ ಅಂಚಿಗೆಲ್ಲ ಹರಡುವಂತೆ ಮಾಡುತ್ತಾರೆ. ಎಲ್ಲೋ ಒಂದು ಕಡೆ ಹರಡದೆ ಉಳಿದು, ಫೈರಿಂಗ್ ಪಿನ್ (ತೋಟಾದ ತಳಕ್ಕೆ ಬಡಿಯುವ ಮೊಳೆ) ಸರಿಯಾಗಿ ಅಲ್ಲೇ ಹೊಡೆದರೆ ಬರೀ "ಟಕ್", ಈಡು ಹಾರುವುದಿಲ್ಲ. ಅಂಚು ಹೊರಗೆ ಚಾಚಿಕೊಂಡಿರುವುದರಿಂದ ಮ್ಯಾಗಜೀನ್ ತುಂಬುವಾಗಲೂ ಗೋಳು. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದಾದರೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಅಮೆರಿಕದ ಬಂದೂಕು ವಿನ್ಯಾಸಕಾರ ಜಾನ್ ಬ್ರೌನಿಂಗ್ 1905ರ ಸುಮಾರಿಗೆ ಜೇಬಿನ ಪಿಸ್ತೂಲಿಗಂತಲೇ 6.35 ಮಿ.ಮೀ. ತೋಟಾ ಮಾಡಿದರಲ್ಲ, ಅದರಲ್ಲಿ ಕಿಡಿಯ ಮಸಾಲೆ ತಳದ ನಡುವೆ ಬಂತು, ಅಂಚೂ ತುಂಬ ಕಿರಿದಾಯಿತು. ಶಕ್ತಿ ನೋಡಿದರೆ ಅದೇನೂ ಮಹಾ ಅಲ್ಲ. ಆದರೆ "ಟಕ್" ಕಮ್ಮಿ. ಅಷ್ಟಕ್ಕೇ ಒಂದು ಹೊಸ ತೋಟಾ ಮಾಡಬೇಕಾಯಿತು ಅಂದರೆ ಈ ತಲೆನೋವು ಎಷ್ಟು ಹಳೆಯದು ನೋಡಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಹೊಡೆಯುತ್ತಲೇ ಹೋದೆ. ಸಿಕ್ಕಿಕೊಂಡರೆ ಸ್ಲೈಡ್ ಎಳೆ, ಹೊಡೆ. "ಟಕ್" ಅಂದರೆ ಸ್ಲೈಡ್ ಎಳೆ, ಹೊಡೆ. ಗಂಟೆ ಕಳೆಯುವಷ್ಟರಲ್ಲಿ ಕೈ ತಾನಾಗೇ ಅದನ್ನು ಮಾಡತೊಡಗಿತು. ನಾನು ಬರೆಯಲು ಕೂತದ್ದೇ ಇದಕ್ಕೆ. ಒಂದೆರಡು ಸಲ ತೊಂದರೆ ಕೊಡುವ ಪಿಸ್ತೂಲಿನಲ್ಲಿ ಏನಾಯಿತು ಅಂತ ನಿಂತು ನೋಡುತ್ತೇವೆ. ಹತ್ತು ಈಡಿಗೆ ಮೂರು ಸಲ ತೊಂದರೆ ಕೊಡುವುದರಲ್ಲಿ ನೋಡುವುದನ್ನೇ ಬಿಟ್ಟುಬಿಡುತ್ತೇವೆ. ಗುಂಡು ಬ್ಯಾರೆಲ್‌ನಲ್ಲಿ ಉಳಿದ ಆ ಒಂದು ಸಲ, ಹೊರಗಿನಿಂದ ನೋಡಲು ಉಳಿದ ಮೂವತ್ತು ಸಲದ ಹಾಗೇ ಇತ್ತು. ಸದ್ದು ಬೇರೆ ಇತ್ತು, ಕೈಗೆ ಬಂದ ಒದೆತ ಬೇರೆ ಇತ್ತು. ನಾನು ಗಮನಿಸಲಿಲ್ಲ.

"ಟಕ್" ಅಂದ ತಕ್ಷಣ ಸ್ಲೈಡ್ ಎಳೆದದ್ದೂ ತಪ್ಪೇ. ಕೆಲವು ತೋಟಾ ತಡವಾಗಿ ಹೊತ್ತಿಕೊಳ್ಳುತ್ತದೆ. ಬ್ಯಾರೆಲನ್ನು ಗುರಿಯ ಕಡೆಗೇ ಹಿಡಿದು ಕಮ್ಮಿ ಅಂದರೂ 30 ಸೆಕೆಂಡ್ ಸುಮ್ನೆ ಕಾಯಬೇಕು. ಅರ್ಧ ಹೊರಬಂದ ತೋಟಾ ಸಿಡಿದರೆ ಅದರ ಸುತ್ತ ಚೇಂಬರ್ ಇರುವುದಿಲ್ಲ, ಹಿತ್ತಾಳೆ ಚೂರುಗಳು ಮುಖಕ್ಕೇ ಬರುತ್ತವೆ. ಕನ್ನಡಕ ಹಾಕಿದ್ದೆ, ಅದೊಂದು ಸಮಾಧಾನ.

ಪಿಸ್ತೂಲನ್ನು ರಿಪೇರಿಯವರ ಹತ್ತಿರ ಒಯ್ದೆ. ಗುಂಡನ್ನು ಕಡ್ಡಿಯಿಂದ ಮೆಲ್ಲಗೆ ಬಡಿದು ತೆಗೆದರು. ಬ್ಯಾರೆಲ್ ಪುಣ್ಯಕ್ಕೆ ಸರಿಯಿತ್ತು. ಆದರೆ ಚೇಂಬರ್ ಬಾಯಿಯ ಅಂಚಿನಲ್ಲಿ ಒಂದು ಸಣ್ಣ ತಗ್ಗು ತೋರಿಸಿದರು. ಉಗುರಲ್ಲಿ ಸವರಿದರೆ ಮುಳ್ಳಿನ ಹಾಗೆ ತಾಕುತ್ತಿತ್ತು. ಹಿಂದಿನವರು ತೋಟಾ ಇಲ್ಲದೆ ಟ್ರಿಗರ್ ಎಳೆದು ಎಳೆದು ಅಭ್ಯಾಸ ಮಾಡಿರಬೇಕು. ಇಂಥ ಎಷ್ಟೋ ಪಿಸ್ತೂಲುಗಳಲ್ಲಿ, ತೋಟಾ ಇಲ್ಲದಾಗ ಪಿನ್ ಹೋಗಿ ಚೇಂಬರಿನ ಅಂಚಿಗೇ ಬಡಿಯುತ್ತದೆ. ಆ ಮುಳ್ಳಿಗೆ ಹೊಸ ತೋಟಾ ತಡೆಯುತ್ತಿತ್ತು, ಚಿಪ್ಪು ಕಚ್ಚಿಕೊಳ್ಳುತ್ತಿತ್ತು. ಮ್ಯಾಗಜೀನಿನ ತುಟಿ, ಅಂದರೆ ತೋಟಾ ಹಿಡಿದಿಡುವ ಮೇಲಿನ ಅಂಚು, ಒಂದು ಪಕ್ಕ ಬಾಗಿತ್ತು. ಸ್ಲೈಡ್ ಒಳಗೆ ಮೇಣ, ಮಸಿ, ಸೀಸ ಸೇರಿ ಕಪ್ಪು ಅಂಟು. ಇದಿಷ್ಟೂ ಕೊಳ್ಳುವ ಮೊದಲು ಐದು ನಿಮಿಷದಲ್ಲಿ ನೋಡಬಹುದಾಗಿತ್ತು. ನಾನು ನೋಡಿದ್ದು ಹಿಡಿಯ ಮೇಲಿನ ಮರದ ಕೆತ್ತನೆ.

ಹಾಗಾಗಿ ಇಂಥದ್ದು ಕೊಳ್ಳುವವರು ಚೇಂಬರ್ ಅಂಚನ್ನು ಟಾರ್ಚ್ ಹಾಕಿ ನೋಡಿ. ನೀವು ಮುಂದೆ ಬಳಸುವ ತೋಟಾವನ್ನೇ ಹಾಕಿ, ಬೇರೆ ಬೇರೆ ಮ್ಯಾಗಜೀನ್‌ನಲ್ಲಿ ಇನ್ನೂರು ಈಡಾದರೂ ಹೊಡೆದು ನೋಡಿ. ಮೊದಲ ಐವತ್ತು ಸರಾಗ ಹೋದರೆ ಮರುಳಾಗಬೇಡಿ, ಮಸಿ ಕಟ್ಟಿದ ಮೇಲೇ ಇವುಗಳ ಬಣ್ಣ ಬಯಲಾಗುವುದು. ಸದ್ದು, ಒದೆತ ಯಾವುದೇ ಒಂದು ಕಮ್ಮಿ ಅನ್ನಿಸಿದರೂ ಅಲ್ಲೇ ನಿಲ್ಲಿಸಿ. ಪೂರ್ತಿ ಖಾಲಿ ಮಾಡಿ ಬ್ಯಾರೆಲ್‌ಗೆ ಕಡ್ಡಿ ಬಿಡಿ. ಗುರಿಹಲಗೆಯಲ್ಲಿ ಹೊಸ ತೂತು ಕಾಣಿಸಲಿಲ್ಲ ಅಂದರೆ "ಗುರಿ ತಪ್ಪಿತು" ಅಂತ ಅಂದುಕೊಳ್ಳುವ ಮುಂಚೆ ಗುಂಡು ಹೊರಗೆ ಹೋಗಿದೆಯಾ ಅಂತ ಯೋಚಿಸಿ.

ಅಂಚನ್ನು ಸರಿ ಮಾಡಿಸಿ, ಮ್ಯಾಗಜೀನ್ ಬದಲಿಸಿದ ಮೇಲೆ ಪಿಸ್ತೂಲು ಪರವಾಗಿಲ್ಲ. ಆದರೂ ನೂರಕ್ಕೆ ಒಂದೆರಡು ಸಲ ಮುನಿಸಿಕೊಳ್ಳುತ್ತದೆ. ಆ ಬಿಟ್ಟಿ ತೋಟಾಗಳದ್ದೇ ಒಂದು ಅಂದು ಒಳಗೆ ಉಳಿದದ್ದು. ಮದ್ದೇ ಇರಲಿಲ್ಲವೋ, ಹಾಳಾಗಿತ್ತೋ, ಕಿಡಿಯ ಮಸಾಲೆಯೊಂದೇ ಗುಂಡನ್ನು ಅಷ್ಟು ದೂರ ತಳ್ಳಿತ್ತು ಅಂತ ಕೋಚ್ ಹೇಳಿದರು. ಉಳಿದವನ್ನೆಲ್ಲ ವಿಲೇವಾರಿ ಮಾಡಲು ಅವರಿಗೇ ಒಪ್ಪಿಸಿದೆ. ಡಬ್ಬಿ ಮಾತ್ರ ಇಟ್ಟುಕೊಂಡಿದ್ದೇನೆ. ಸ್ಪ್ರಿಂಗು, ಸ್ಕ್ರೂ ಹಾಕಿಡಲು ಚೆನ್ನಾಗಿದೆ.