ಡೀಸೆಲ್ ಪಿಕಪ್‌ಗೆ ಕೋನ್ ಫಿಲ್ಟರ್: ಸದ್ದಿಗೆ ಇಷ್ಟು ದುಡ್ಡೇ?

ವಿ-ಕ್ರಾಸ್, ಬೊಲೆರೊ ಪಿಕಪ್‌ನಂಥ ಗಾಡಿಯಿಂದ ಕಂಪನಿಯ ಕಾಗದದ ಏರ್ ಫಿಲ್ಟರ್ ತೆಗೆಸಿ, ಎಣ್ಣೆ ಸವರಿದ ಹತ್ತಿಯ ಕೋನ್ ಫಿಲ್ಟರ್ ಕೂರಿಸಿದರೆ ಮೊದಲು ಬದಲಾಗುವುದು ಸದ್ದು. ಆಕ್ಸಿಲರೇಟರ್ ಒತ್ತಿದರೆ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಕ) ಸಿಳ್ಳೆ ಹೊಡೆಯುತ್ತದೆ, ಕಾಲು ತೆಗೆದರೆ ಬುಸ್ಸೆನ್ನುತ್ತದೆ. ಕಿವಿಗೆ ಅದು ಗಾಡಿಯ ಎಳೆತ ಜಾಸ್ತಿ ಆದ ಹಾಗೆಯೇ ಕೇಳುತ್ತದೆ. ಗಡಿಯಾರ ಹಿಡಿದು ನೋಡಿದರೆ ಮಾತ್ರ ವ್ಯತ್ಯಾಸ ಸಿಗುವುದು ಕಷ್ಟ.

ಡೀಸೆಲ್ ಎಂಜಿನ್‌ನ ತಾಕತ್ತು ಒಳಗೆ ಸಿಂಪಡಿಸುವ ಇಂಧನದ ಲೆಕ್ಕದ ಮೇಲಿದೆ. ಈಗಿನ ಗಾಡಿಗಳಲ್ಲಿ ಎಷ್ಟು ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಬೇಕೆಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಮೊದಲೇ ಗೊತ್ತುಮಾಡಿಕೊಂಡಿರುತ್ತದೆ. ಫಿಲ್ಟರ್ ಗಾಳಿಯನ್ನು ಚೂರು ತಡೆದರೆ ಟರ್ಬೊ ಚೂರು ಹೆಚ್ಚು ತಿರುಗುತ್ತದೆ, ಅಷ್ಟೇ. ಟರ್ಬೊ ದೊಡ್ಡದು ಮಾಡಿ ರೀಮ್ಯಾಪ್ ಮಾಡಿಸಿದವರಿಗೆ (ಇಸಿಯು ಲೆಕ್ಕ ಬದಲಿಸಿದವರಿಗೆ) ಕಂಪನಿಯ ಫಿಲ್ಟರ್ ಡಬ್ಬಿ ಚಿಕ್ಕದಾಗಬಹುದು. ಮಿಕ್ಕವರಿಗೆ ಆ ಪ್ರಶ್ನೆಯೇ ಬರುವುದಿಲ್ಲ.

ಮುಚ್ಚಳವಿಲ್ಲದ ಕೋನ್ ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ, ಬಾನೆಟ್ ಒಳಗೆ 65 ಅಂದುಕೊಳ್ಳಿ: ಗಾಳಿಯ ಸಾಂದ್ರತೆ ಶೇ. 7ರಷ್ಟು ಇಳಿಯಿತು. ಟರ್ಬೊ ದಾಟಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಸ್ವಲ್ಪ ಸರಿದೂಗಿಸಿದರೂ ಲಾಭವಂತೂ ಇಲ್ಲ.

ಇನ್ನು ಧೂಳು. 1.9 ಲೀಟರ್ ಎಂಜಿನ್ 2,500 ಆರ್‌ಪಿಎಂನಲ್ಲಿ ಬೂಸ್ಟ್ ಇಲ್ಲದೆಯೇ ನಿಮಿಷಕ್ಕೆ ಸುಮಾರು 2,400 ಲೀಟರ್ ಗಾಳಿ ನುಂಗುತ್ತದೆ. ಅಮೆರಿಕದ ಡ್ಯುರಾಮ್ಯಾಕ್ಸ್ ಡೀಸೆಲ್ ಎಂಜಿನ್ ಇರುವ ಟ್ರಕ್ಕಿನ ಫಿಲ್ಟರ್‌ಗಳನ್ನು ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಏರ್ ಫಿಲ್ಟರ್ ಪರೀಕ್ಷಾ ವಿಧಾನದಲ್ಲಿ ಪರೀಕ್ಷಿಸಿದಾಗ ಕಾಗದದ್ದು ಶೇ. 99.93 ಧೂಳು ಹಿಡಿದರೆ, ಎಣ್ಣೆ ಹತ್ತಿಯದು ಶೇ. 96.8 ಹಿಡಿಯಿತು. ಓದಲು ಹತ್ತಿರದ ಅಂಕಿಗಳೇ. ಆದರೆ 100 ಗ್ರಾಂ ಧೂಳಿಗೆ ಕಾಗದ ಒಳಗೆ ಬಿಡುವುದು 0.07 ಗ್ರಾಂ, ಹತ್ತಿ ಬಿಡುವುದು 3.2 ಗ್ರಾಂ. ಹೈವೇಯಲ್ಲೇ ಓಡುವ ಗಾಡಿಗೆ ಇದು ಬೇಗ ಕಾಣಿಸದು. ಸಂಡೂರಿನ ಅದಿರು ರಸ್ತೆಯಲ್ಲಿ ಟಿಪ್ಪರ್ ಹಿಂದೆ ಓಡುವ ಗಾಡಿಗೆ ಪಿಸ್ಟನ್ ರಿಂಗ್ ಸವೆದು ಆಯಿಲ್ ಕುಡಿಯಲು ಶುರುವಾಗುತ್ತದೆ.

ಅನುಮಾನವಿದ್ದರೆ ಫಿಲ್ಟರ್ ದಾಟಿದ ಮೇಲಿನ ಪೈಪ್ ಬಿಚ್ಚಿ, ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒಳಗೋಡೆ ಸವರಿ. ಬಟ್ಟೆಗೆ ಕೆಮ್ಮಣ್ಣು ಹತ್ತಿದರೆ ಫಿಲ್ಟರ್ ಸೋಸುತ್ತಿಲ್ಲ, ಇಲ್ಲವೇ ಕ್ಲ್ಯಾಂಪ್ ಸಡಿಲ. ಬರೀ ಎಣ್ಣೆ ಜಿಡ್ಡು ಕಂಡರೆ ಅದು ಎಂಜಿನ್ ಒಳಗಿನ ಹಬೆ ಹೊರಬಿಡುವ ಬ್ರೀದರ್ ಪೈಪಿನದೂ ಇರಬಹುದು.

ಹತ್ತಿ ಫಿಲ್ಟರ್ ತೊಳೆದು ಮತ್ತೆ ಬಳಸಬಹುದು ನಿಜ, ಆದರೆ ಅವಸರದವರಿಗಲ್ಲ. ಕ್ಲೀನರ್ ಸಿಂಪಡಿಸಿ 10 ನಿಮಿಷ ಬಿಟ್ಟು, ಒಳಗಿನಿಂದ ಹೊರಕ್ಕೆ ಸಣ್ಣ ನಲ್ಲಿ ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಬೇಕು. ಮಡಿಕೆಗೊಂದು ಗೆರೆಯಂತೆ ಎಣ್ಣೆ ಬಿಟ್ಟು 20 ನಿಮಿಷ ಕಾದು, ಬೆಳ್ಳಗೆ ಉಳಿದ ಕಡೆಗಷ್ಟೇ ಮತ್ತೆ ಹಾಕಬೇಕು. ಎಣ್ಣೆ ಹೆಚ್ಚಾದರೆ ಅದು ಹಾರಿ, ಒಳಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಮೇಲೆ ಕೂರುತ್ತದೆ. ಆಗ ಸೆನ್ಸರ್ ಗಾಳಿ ಕಡಿಮೆ ತೋರಿಸುತ್ತದೆ, ಇಸಿಯು ಇಂಧನ ಕತ್ತರಿಸುತ್ತದೆ, ಸ್ಕ್ಯಾನರ್‌ನಲ್ಲಿ ಪಿ0101 ಎಂಬ ದೋಷದ ಕೋಡ್ ಬರುತ್ತದೆ. ಸೆನ್ಸರ್ ಇರುವ ಪೈಪಿನ ಅಗಲ ಬದಲಾದರೂ ಲೆಕ್ಕ ಹೀಗೆಯೇ ತಪ್ಪುತ್ತದೆ. ಸೆನ್ಸರ್‌ಗೆ ಎಂಎಎಫ್ ಕ್ಲೀನರ್ ಮಾತ್ರ ಹೊಡೆಯಿರಿ. ಕಾರ್ಬ್ಯುರೇಟರ್ ಕ್ಲೀನರ್ ಬೇಡ, ಬಟ್ಟೆ ತಾಗಿಸಬೇಡಿ.

ಕಾಗದದ ಫಿಲ್ಟರ್ ಹಾಳಾಗುವುದು ಬಹುತೇಕ ನಮ್ಮ ಕೈಯಿಂದಲೇ. ಪಂಕ್ಚರ್ ಅಂಗಡಿಯ ಏರ್ ಗನ್ ಹತ್ತಿರ ಹಿಡಿದು ಊದಿದರೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಊದಲೇಬೇಕಾದರೆ 2 ಬಾರ್ ಒಳಗೆ, ಗೇಣು ದೂರದಿಂದ, ಒಳಗಿನಿಂದ ಹೊರಕ್ಕೆ. ಆಮೇಲೆ ಒಳಗೆ ಟಾರ್ಚ್ ಹಿಡಿದು ನೋಡಿ, ಚುಕ್ಕೆಯಷ್ಟು ಬೆಳಕು ತೂರಿದರೂ ಎಸೆಯಿರಿ. ವಾರಕ್ಕೊಮ್ಮೆ ಊದುವ ಚಟವೂ ಬೇಡ: ತೆಳುವಾಗಿ ಧೂಳು ಕೂತ ಕಾಗದ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಟ್ರಕ್ಕುಗಳಲ್ಲಿ ಒಳಗಿರುವ ಚಿಕ್ಕ ಸೇಫ್ಟಿ ಫಿಲ್ಟರ್ ಊದುವಂಥದ್ದೇ ಅಲ್ಲ, ಬದಲಿಸುವಂಥದ್ದು.

ಫಿಲ್ಟರ್ ವಿಷಯದಲ್ಲಿ ದುಡ್ಡು ಹಾಕಲೇಬೇಕೆಂದರೆ, ಟ್ರ್ಯಾಕ್ಟರ್ ಮೇಲೆ ಕಾಣುವ ಬಟ್ಟಲಿನಂಥ ಪ್ರೀ-ಕ್ಲೀನರ್‌ಗೆ ಹಾಕಿ. ದಪ್ಪ ಧೂಳನ್ನು ಸುಳಿಯಲ್ಲೇ ಬೇರ್ಪಡಿಸಿ ಕಾಗದದ ಆಯುಸ್ಸು ಹೆಚ್ಚಿಸುತ್ತದೆ. ಫಿಲ್ಟರ್ ಡಬ್ಬಿಯ ಅಡಿಯಲ್ಲಿ ರಬ್ಬರ್ ತುಟಿಯ ವಾಲ್ವ್ ಇದ್ದರೆ ದಿನಾ ಒಮ್ಮೆ ಹಿಸುಕಿ ಧೂಳು ಉದುರಿಸಿ. ಅದು ಹರಿದೋ ಕಳೆದೋ ಹೋಗಿದ್ದರೆ ಮೊದಲು ಅದನ್ನು ತನ್ನಿ, ಕೋನ್ ಆಮೇಲೆ ನೋಡೋಣ.