ಹಸಿರು ದೀಪ ಉರಿಯುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ: ಡಿಎಂಆರ್ ಸೆಟ್ ಮತ್ತು ಹಾಟ್‌ಸ್ಪಾಟ್ ಜೊತೆ ಎರಡು ವರ್ಷ

ಸೆಟ್ ತಗೊಂಡು ಎರಡು ವರ್ಷ ಎರಡು ತಿಂಗಳಾಯಿತು. ಮೊದಲ ವಾರವೇ ವಿಮರ್ಶೆ ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು, ಜೊತೆಗೆ ನಾಲ್ಕು ಬೈಗುಳವನ್ನೂ ಸೇರಿಸುತ್ತಿದ್ದೆ. ಈಗ ಮೂರೂವರೆ ಕೊಡುತ್ತೇನೆ. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ, ಯಾಕೆಂದರೆ ಬೇರೆ ಬೇರೆ ಕಂಪನಿಯ ಸೆಟ್ ಇಟ್ಟುಕೊಂಡ ಗೆಳೆಯರ ಪಾಡೂ ಹೆಚ್ಚು ಕಡಿಮೆ ಇದೇ. ನನ್ನ ಹತ್ತಿರ ಇರುವುದು ಎರಡು ಸಾಮಾನು. ಒಂದು ಡಿಎಂಆರ್ ಹ್ಯಾಂಡ್‌ಸೆಟ್, ಅಂದರೆ ಮಾತನ್ನು ಡಿಜಿಟಲ್ ಮಾಡಿ ಕಳಿಸುವ ಕೈ ರೇಡಿಯೊ. ಇನ್ನೊಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಹಾಟ್‌ಸ್ಪಾಟ್, ಅಂದರೆ ರಾಸ್‌ಬೆರಿ ಪೈ ಝೀರೋ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಕೂರಿಸಿದ ಎಂಎಂಡಿವಿಎಂ ರೇಡಿಯೊ ಬೋರ್ಡು. ಹ್ಯಾಂಡ್‌ಸೆಟ್‌ನಿಂದ ಹೊರಟ ಮಾತನ್ನು ಈ ಪುಟ್ಟ ಡಬ್ಬಿ ಹಿಡಿದು ಇಂಟರ್ನೆಟ್ಟಿಗೆ ದಾಟಿಸುತ್ತದೆ, ಅಲ್ಲಿಂದ ಬಂದದ್ದನ್ನು ಸುಮಾರು 10 ಮಿಲಿವ್ಯಾಟ್ ಶಕ್ತಿಯಲ್ಲಿ ಮನೆಯೊಳಗೆ ಪ್ರಸಾರ ಮಾಡುತ್ತದೆ. ಹೇಳಲಿಕ್ಕೆ ಇಷ್ಟೇ.

ಅನಲಾಗ್ ಎಫ್‌ಎಂನಲ್ಲಿ ವರ್ಷಗಟ್ಟಲೆ ಮಾತಾಡಿದವನು ನಾನು. ಅಲ್ಲಿ ಏನಾದರೂ ತಪ್ಪಾದರೆ ಸೆಟ್ಟೇ ಹೇಳುತ್ತದೆ. ಕೊರಕೊರ ಅನ್ನುತ್ತದೆ, ಅರ್ಧ ಮಾತು ಕೇಳಿಸುತ್ತದೆ, ಆಂಟೆನಾ ಸ್ವಲ್ಪ ಆಚೀಚೆ ಮಾಡಿದರೆ ಸರಿಹೋಗುತ್ತಿದೆಯೋ ಕೆಡುತ್ತಿದೆಯೋ ಕಿವಿಗೇ ಗೊತ್ತಾಗುತ್ತದೆ. ಡಿಎಂಆರ್‌ನಲ್ಲಿ ಆ ಸುಳಿವೇ ಇಲ್ಲ. ಫ್ರೀಕ್ವೆನ್ಸಿ, ಕಲರ್ ಕೋಡ್, ಟೈಮ್ ಸ್ಲಾಟ್ (ಒಂದೇ ಚಾನೆಲ್ಲನ್ನು ಹಂಚಿಕೊಳ್ಳುವ ಎರಡು ಸರದಿಯಲ್ಲಿ ಯಾವುದು ಅನ್ನುವುದು), ಟಾಕ್‌ಗ್ರೂಪ್ (ಒಟ್ಟಿಗೆ ಮಾತಾಡುವವರ ಗುಂಪಿನ ನಂಬರ್), ನಮ್ಮ ಐಡಿ, ಹಾಟ್‌ಸ್ಪಾಟ್‌ನ ಪಾಸ್‌ವರ್ಡ್, ಇಷ್ಟರಲ್ಲಿ ಯಾವುದು ತಪ್ಪಿದರೂ ಸಿಗುವ ಉತ್ತರ ಒಂದೇ: ಮೌನ. ಆರರಲ್ಲಿ ಐದು ಸರಿ ಇದ್ದರೂ ಮೌನ, ಆರೂ ತಪ್ಪಿದ್ದರೂ ಅದೇ ಮೌನ. ನನ್ನ ಸಿಟ್ಟೆಲ್ಲ ಇದರ ಮೇಲೆಯೇ. ಕಷ್ಟ ಇರಲಿ ಪರವಾಗಿಲ್ಲ, ಎಲ್ಲಿ ಎಡವಿದೆ ಅಂತ ಹೇಳಬೇಕಲ್ವಾ?

ಶುರುವಾಗಿದ್ದು ಕೇಬಲ್‌ನಿಂದ. ನನ್ನ ಡಿಎಂಆರ್ ಸೆಟ್‌ಗೆ ಕೀಪ್ಯಾಡಿನಿಂದ ನಾಲ್ಕು ನಂಬರ್ ಒತ್ತಿ ಚಾನೆಲ್ ಕೂಡಿಸಿಬಿಡುತ್ತೇನೆ ಅಂದುಕೊಂಡರೆ ಆಗುವುದಿಲ್ಲ, ಕಂಪ್ಯೂಟರಿನಲ್ಲಿ ಕೋಡ್‌ಪ್ಲಗ್ ತಯಾರು ಮಾಡಿ ಕೇಬಲ್ ಮೂಲಕ ತುಂಬಬೇಕು. ಕೋಡ್‌ಪ್ಲಗ್ ಅಂದರೆ ಸೆಟ್ಟಿನ ಎಲ್ಲ ಸೆಟ್ಟಿಂಗೂ ಇರುವ ಒಂದು ಫೈಲ್. ಜೊತೆಗೆ ಬಂದಿದ್ದ ಕೇಬಲ್ ಹಾಕಿದೆ, ವಿಂಡೋಸ್ ಹಳದಿ ತ್ರಿಕೋನ ತೋರಿಸಿತು. ಕೇಬಲ್ಲಿನ ಯುಎಸ್‌ಬಿ ತುದಿಯೊಳಗೆ ಒಂದು ಚಿಪ್ ಇರುತ್ತದೆ, ಅಸಲಿ ಚಿಪ್ಪಿನ ನಕಲು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ, ಹೊಸ ಡ್ರೈವರ್ ನಕಲಿಯನ್ನು ಕಂಡರೆ ಕೆಲಸ ಮಾಡಲು ಒಪ್ಪುವುದಿಲ್ಲ. ನನ್ನದು ನಕಲಿ. ಹಳೆಯ ಡ್ರೈವರ್ ಹುಡುಕಿ ಹಾಕಿದೆ, ಕೆಲಸ ಮಾಡಿತು. ಮರುದಿನ ವಿಂಡೋಸ್ ತಾನೇ ಅಪ್‌ಡೇಟ್ ಮಾಡಿಕೊಂಡು ಹೊಸದನ್ನು ಕೂರಿಸಿತು, ಮತ್ತೆ ಹಳದಿ ತ್ರಿಕೋನ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಮೂರು ದಿನ. ಅದು ಮುಗಿಯಿತು ಅಂದರೆ ಕಾಮ್ ಪೋರ್ಟ್ ಕಾಟ. ಇವತ್ತು ಎಡಗಡೆ ತೂತಿಗೆ ಹಾಕಿದರೆ ಕಾಮ್ 3, ನಾಳೆ ಬಲಗಡೆಗೆ ಹಾಕಿದರೆ ಕಾಮ್ 7, ಸಾಫ್ಟ್‌ವೇರ್ ಮಾತ್ರ ನಿನ್ನೆಯ 3ನ್ನೇ ಹಿಡಿದುಕೊಂಡು ಕೂತಿರುತ್ತದೆ. ಇಷ್ಟೆಲ್ಲ ಆದ ಮೇಲೆಯೂ ಸೆಟ್ ರೀಡ್ ಆಗಲಿಲ್ಲ. ಆ ಎರಡು ಪಿನ್ನಿನ ಪ್ಲಗ್ ಪೂರ್ತಿ ಒಳಗೆ ಹೋಗಿರಲಿಲ್ಲ, ಅಷ್ಟೇ ವಿಷಯ. ಮುರಿದೇ ಹೋಗುತ್ತದೇನೋ ಅನ್ನುವಷ್ಟು ಜೋರಾಗಿ ಒತ್ತಿದಾಗ ಟಕ್ ಅಂತ ಕೂತಿತು.

ಕೋಡ್‌ಪ್ಲಗ್ ವಿಷಯಕ್ಕೆ ಬಂದರೆ, ಇದು ಹ್ಯಾಮ್‌ಗಳಿಗೋಸ್ಕರ, ಅಂದರೆ ನಮ್ಮಂಥ ಹವ್ಯಾಸಿ ರೇಡಿಯೊದವರಿಗೋಸ್ಕರ ಹುಟ್ಟಿದ ವ್ಯವಸ್ಥೆಯೇ ಅಲ್ಲ. ಡಿಎಂಆರ್ ಮಾನದಂಡವನ್ನು ಯುರೋಪಿನ ಮಾನದಂಡ ಸಂಸ್ಥೆ ಇಟಿಎಸ್‌ಐ 2005ರಲ್ಲಿ ಹೊರತಂದಿದ್ದು ಮುಖ್ಯವಾಗಿ ಕಾರ್ಖಾನೆ, ಟ್ಯಾಕ್ಸಿ, ಸೆಕ್ಯುರಿಟಿ ಥರದ ಕೆಲಸಕ್ಕೆ. ಅಲ್ಲಿ ಒಬ್ಬ ತಂತ್ರಜ್ಞ ನೂರು ಸೆಟ್ ಪ್ರೋಗ್ರಾಂ ಮಾಡಿ ಕೊಡುತ್ತಾನೆ, ಬಳಸುವವನು ಗುಂಡಿ ಒತ್ತಿ ಮಾತಾಡುತ್ತಾನೆ. ನಮ್ಮಲ್ಲಿ ಆ ತಂತ್ರಜ್ಞನೂ ನಾವೇ, ಗುಂಡಿ ಒತ್ತುವವನೂ ನಾವೇ. ಮೊದಲು ಕಾಂಟ್ಯಾಕ್ಟ್ ಮಾಡಬೇಕು, ಆಮೇಲೆ ಆರ್‌ಎಕ್ಸ್ ಗ್ರೂಪ್ ಲಿಸ್ಟ್, ಆಮೇಲೆ ಚಾನೆಲ್, ಆ ಚಾನೆಲ್ ಒಂದು ಝೋನ್ (ಚಾನೆಲ್‌ಗಳ ಗುಂಪು) ಒಳಗೆ ಹೋಗಬೇಕು. ಝೋನ್‌ಗೆ ಸೇರಿಸುವುದು ಮರೆತರೆ ಚಾನೆಲ್ ಫೈಲಿನಲ್ಲಿ ಇರುತ್ತದೆ, ಸೆಟ್ಟಿನ ಪರದೆ ಮೇಲೆ ಇರುವುದಿಲ್ಲ. ಜೊತೆಗೆ ಬಂದ ಕೈಪಿಡಿಯೋ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. 'ಕಲರ್ ಕೋಡ್: ಕಲರ್ ಕೋಡ್ ಆಯ್ಕೆ ಮಾಡಲು' ಅಂತ ಬರೆದುಬಿಟ್ಟಿದ್ದಾರೆ. ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ, 0ಯಿಂದ 15ರವರೆಗಿನ ಒಂದು ನಂಬರ್ ಅದು, ಎರಡೂ ಕಡೆ ಒಂದೇ ಇರಬೇಕು ಅಂತ ಒಂದು ಸಾಲು ಸೇರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಐಡಿ ತಗೊಳ್ಳುವುದು ಸುಲಭ. ಲೈಸೆನ್ಸ್ ಪ್ರತಿ ಕಳಿಸಿದೆ, ಏಳು ಅಂಕಿಯ ನಂಬರ್ ಬಂತು.

ಇನ್ನು ಆ ಹಸಿರು ದೀಪದ ಕಥೆ. ಹಾಟ್‌ಸ್ಪಾಟ್‌ನಲ್ಲಿ ಅದನ್ನು ನಡೆಸುವ ಪೈ-ಸ್ಟಾರ್ ಸಾಫ್ಟ್‌ವೇರ್ ಹಾಕಿ, ಡಿಎಂಆರ್ ಹ್ಯಾಮ್‌ಗಳನ್ನು ಇಂಟರ್ನೆಟ್ ಮೂಲಕ ಜೋಡಿಸುವ ಬ್ರ್ಯಾಂಡ್‌ಮೈಸ್ಟರ್ ಜಾಲಕ್ಕೆ ಸೇರಿಸಿ, 91ನೇ ಟಾಕ್‌ಗ್ರೂಪ್ ಒತ್ತಿದೆ. ಅದು ಇಡೀ ಜಗತ್ತಿಗೆ ಒಂದೇ ಗ್ರೂಪ್, ಹಗಲೂ ರಾತ್ರಿ ಯಾರಾದರೂ ಮಾತಾಡುತ್ತಲೇ ಇರುತ್ತಾರೆ. ಬಂತು, ಕೇಳಿದೆ, ಖುಷಿಪಟ್ಟೆ. ಆಮೇಲೆ ಬೇರೊಂದು ಗ್ರೂಪಿನ ಚಾನೆಲ್‌ಗೆ ಬಂದೆ. ಅಲ್ಲಿಂದ ತೊಂದರೆ ಶುರು. ಸೆಟ್ಟಿನ ಮೇಲಿನ ಹಸಿರು ದೀಪ ಉರಿಯುತ್ತದೆ, ಆರುತ್ತದೆ, ಮತ್ತೆ ಉರಿಯುತ್ತದೆ. ಸ್ಪೀಕರ್‌ನಿಂದ ಪಿಟ್ ಅನ್ನುವ ಸದ್ದೂ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ. ಬ್ಯಾಟರಿ ಬಿಚ್ಚಿ ಹಾಕಿದೆ. ಕೊನೆಗೆ ಒಂದು ಭಾನುವಾರ ಸ್ಕ್ರೂಡ್ರೈವರ್ ತಗೊಂಡು ಸೆಟ್ಟನ್ನೇ ಬಿಚ್ಚಿ ಸ್ಪೀಕರ್ ತಂತಿ ಕಿತ್ತಿದೆಯಾ ಅಂತ ನೋಡಿದೆ. ಕಿತ್ತಿರಲಿಲ್ಲ. ಮುಚ್ಚುವಾಗ ರಬ್ಬರ್ ಸೀಲ್ ಸರಿಯಾಗಿ ಕೂರಲಿಲ್ಲ, ಈಗಲೂ ಒಂದು ಮೂಲೆಯಲ್ಲಿ ಸ್ವಲ್ಪ ಇಣುಕುತ್ತಿದೆ.

ನನಗೆ ಮೋರ್ಸ್ ಕಲಿಸಿದ ಹಿರಿಯ ಹ್ಯಾಮ್ ಒಬ್ಬರಿಗೆ ಫೋನ್ ಮಾಡಿದೆ.

'ಸರ್, ದೀಪ ಬರ್ತಿದೆ, ಸೌಂಡ್ ಇಲ್ಲ. ಸ್ಪೀಕರ್ ಹೋಗಿರಬೇಕು.'

'ಸ್ಪೀಕರ್ ಏನೂ ಹೋಗಿರಲ್ಲಪ್ಪ. ಆರ್‌ಎಕ್ಸ್ ಗ್ರೂಪ್ ಲಿಸ್ಟಲ್ಲಿ ಏನೇನು ಹಾಕಿದೀಯ?'

'ಅದನ್ನ ಖಾಲಿ ಬಿಟ್ಟಿದೀನಿ ಸರ್.'

ಆ ಕಡೆಯಿಂದ ನಗು. 'ಎಷ್ಟು ದಿನದಿಂದ ಒದ್ದಾಡ್ತಿದೀಯ?'

'ಎರಡು ವಾರ.'

ಆಗಿದ್ದು ಇಷ್ಟು. ಹಾಟ್‌ಸ್ಪಾಟ್ ಇನ್ನೂ 91ನ್ನೇ ಹಿಡಿದುಕೊಂಡಿತ್ತು. ಅದರ ಸಿಗ್ನಲ್ ಸೆಟ್ಟಿಗೆ ಬರುತ್ತಿತ್ತು, ಅದಕ್ಕೇ ದೀಪ. ನಾನಿದ್ದ ಚಾನೆಲ್ಲಿನ ಗ್ರೂಪ್ ಬೇರೆ, ಕೇಳಿಸಿಕೊಳ್ಳಬೇಕಾದ ಗ್ರೂಪ್‌ಗಳ ಪಟ್ಟಿ ಖಾಲಿ. ಹಾಗಾಗಿ ಸೆಟ್ 'ಇದು ನಮಗೆ ಬಂದ ಮಾತಲ್ಲ' ಅಂತ ಬಾಯಿ ಮುಚ್ಚಿಕೊಂಡು ಕೂತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಸ್ಪೀಕರ್ ಬಿಚ್ಚಿದೆ. ತಪ್ಪು ನನ್ನದೇ, ಒಪ್ಪಿಕೊಂಡೆ. ಆದರೂ ಪರದೆಯ ಮೇಲೆ 'ಬೇರೆ ಗ್ರೂಪಿನ ಕರೆ' ಅಂತ ಒಂದು ಸಾಲು ತೋರಿಸಲಿಕ್ಕೆ ಆಗುತ್ತಿರಲಿಲ್ಲವೇ? ಆಮೇಲೆ ಗೊತ್ತಾಯಿತು, ಡಿಜಿಟಲ್ ಮಾನಿಟರ್ ಅಂತ ಒಂದು ಆಯ್ಕೆ ಇದೆ, ಅದನ್ನು ಆನ್ ಮಾಡಿದರೆ ಯಾವ ಗ್ರೂಪ್ ಆದರೂ ಕೇಳಿಸುತ್ತದೆ. ಮೆನುವಿನ ನಾಲ್ಕನೇ ಒಳಮನೆಯಲ್ಲಿ ಇಟ್ಟಿದ್ದಾರೆ. ಹೊಸದಾಗಿ ಸೆಟ್ ತಗೊಂಡವರು ಬೇರೆ ಏನೂ ಮಾಡುವ ಮೊದಲು ಅದನ್ನು ಪಕ್ಕದ ಗುಂಡಿಗೆ ಹಾಕಿಕೊಳ್ಳಿ.

91ರಿಂದ ಬಿಡಿಸಿಕೊಳ್ಳುವುದೂ ಒಂದು ಸಾಹಸ. 4000ಕ್ಕೆ ಕರೆ ಮಾಡಿದರೆ ಗ್ರೂಪ್ ಬಿಡುತ್ತದೆ. ಆದರೆ ನನ್ನದು ಸಿಂಪ್ಲೆಕ್ಸ್ ಹಾಟ್‌ಸ್ಪಾಟ್, ಒಂದೇ ಫ್ರೀಕ್ವೆನ್ಸಿ, ತಾನು ಮಾತಾಡುವಾಗ ನಮ್ಮ ಮಾತು ಅದಕ್ಕೆ ಕೇಳಿಸುವುದಿಲ್ಲ. 91ರಲ್ಲಿ ಜನ ಉಸಿರು ಬಿಡದೆ ಮಾತಾಡುತ್ತಾರೆ. ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ಆ ಒಂದೆರಡು ಸೆಕೆಂಡಿನ ಸಂದಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಎಷ್ಟೋ ಸಲ ಸೋತು ಹಾಟ್‌ಸ್ಪಾಟ್‌ನ ಪ್ಲಗ್ಗನ್ನೇ ಕಿತ್ತಿದ್ದೇನೆ, ಹಾಗೆ ಮಾಡಿ ಒಂದು ಎಸ್‌ಡಿ ಕಾರ್ಡನ್ನೂ ಕಳೆದುಕೊಂಡಿದ್ದೇನೆ. ಪೈ-ಸ್ಟಾರ್ ಕಾರ್ಡನ್ನು ಸಾಮಾನ್ಯವಾಗಿ ಓದುವುದಕ್ಕಷ್ಟೇ ತೆರೆದಿಡುತ್ತದೆ, ಬರೆಯಲು ಬಿಡುವುದಿಲ್ಲ, ಅದು ಒಳ್ಳೆಯದೇ. ನಾನು ಏನೋ ತಿದ್ದುತ್ತಾ ಬರೆಯುವ ಮೋಡ್‌ನಲ್ಲಿ ಬಿಟ್ಟಿದ್ದಾಗಲೇ ಕಿತ್ತೆ. ಬ್ಯಾಕಪ್ ಇರಲಿಲ್ಲ.

ಪ್ಯಾರಟ್ ಪರೀಕ್ಷೆ ಮಾಡದೆ ಯಾವ ಗ್ರೂಪಿಗೂ ಹೋಗಬೇಡಿ. ಬ್ರ್ಯಾಂಡ್‌ಮೈಸ್ಟರ್‌ನಲ್ಲಿ 9990ಕ್ಕೆ ಮಾತಾಡಿದರೆ ನಮ್ಮ ಮಾತನ್ನು ನಮಗೇ ವಾಪಸ್ ಹೇಳುತ್ತದೆ, ಗಿಳಿ ಹಾಗೆ. ಅಲ್ಲೂ ಒಂದು ಮುಳ್ಳಿದೆ: ಕಾಂಟ್ಯಾಕ್ಟ್ ಮಾಡುವಾಗ ಗ್ರೂಪ್ ಕಾಲ್ ಅಂತ ಬಿಟ್ಟರೆ ಗಿಳಿ ಮಾತಾಡುವುದಿಲ್ಲ, ಪ್ರೈವೇಟ್ ಕಾಲ್ ಅಂತ ಹಾಕಬೇಕು. ಮೊದಲ ಸಲ ನನ್ನ ದನಿ ಕೇಳಿದಾಗ ಬೇರೆ ಯಾರೋ ಕೊಡದೊಳಗೆ ತಲೆ ಹಾಕಿ ಮಾತಾಡಿದ ಹಾಗಿತ್ತು, ಪದ ಅರ್ಧಕ್ಕೇ ತುಂಡಾಗುತ್ತಿತ್ತು. ಪೈ-ಸ್ಟಾರ್‌ನ ಡ್ಯಾಶ್‌ಬೋರ್ಡ್‌ನಲ್ಲಿ ಬಿಇಆರ್, ಅಂದರೆ ನೂರು ಬಿಟ್ಟಿಗೆ ಎಷ್ಟು ತಪ್ಪು ಬಂತು ಅನ್ನುವ ಲೆಕ್ಕ, 7.2 ತೋರಿಸುತ್ತಿತ್ತು. ಮೈಕ್ ಗೇನ್ ತಿರುಗಿಸಿದೆ, ಆಂಟೆನಾ ಬದಲಿಸಿದೆ. ಏನೂ ಆಗಲಿಲ್ಲ.

ಕಾರಣ ಆಫ್‌ಸೆಟ್, ಅಂದರೆ ಫ್ರೀಕ್ವೆನ್ಸಿ ಇರಬೇಕಾದ ಜಾಗದಿಂದ ಸರಿದಿರುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ಡಿಎಂಆರ್ ಮಾತನ್ನು ನಾಲ್ಕು ಮೆಟ್ಟಿಲಿನಲ್ಲಿ ಕಳಿಸುತ್ತದೆ. ಫ್ರೀಕ್ವೆನ್ಸಿ ನಡುವಿನಿಂದ ಆಚೆ ಈಚೆ 648 ಹರ್ಟ್ಸ್‌ನಲ್ಲಿ ಎರಡು ಮೆಟ್ಟಿಲು, 1944 ಹರ್ಟ್ಸ್‌ನಲ್ಲಿ ಇನ್ನೆರಡು. ಪಕ್ಕದ ಮೆಟ್ಟಿಲಿಗೆ ಜಾರದೆ ಇರಲು ಸಿಗುವ ಜಾಗ ಆ ಕಡೆ 648, ಈ ಕಡೆ 648. ಹಾಟ್‌ಸ್ಪಾಟ್ ಬೋರ್ಡಿನಲ್ಲಿ ಫ್ರೀಕ್ವೆನ್ಸಿ ಹುಟ್ಟಿಸುವ ಆಸಿಲೇಟರ್ ಹತ್ತು ಲಕ್ಷದಲ್ಲಿ ಒಂದು ಪಾಲು ಹೆಚ್ಚು ಕಡಿಮೆಯಾದರೆ ಸಾಕು, 430 ಮೆಗಾಹರ್ಟ್ಸ್ ದಾಟಿದ ಈ ಬ್ಯಾಂಡ್‌ನಲ್ಲಿ 430ಕ್ಕೂ ಹೆಚ್ಚು ಹರ್ಟ್ಸ್ ಸರಿದುಬಿಡುತ್ತದೆ. ಇದ್ದ ಜಾಗದಲ್ಲಿ ಮೂರರಲ್ಲಿ ಎರಡು ಪಾಲು ಅಲ್ಲೇ ಹೋಯಿತು. ಎಫ್‌ಎಂನಲ್ಲಿ ಇಷ್ಟು ಸರಿದರೆ ಕಿವಿಗೆ ಗೊತ್ತೂ ಆಗುವುದಿಲ್ಲ. ಪೈ-ಸ್ಟಾರ್‌ನ ಎಕ್ಸ್‌ಪರ್ಟ್ ಪುಟದಲ್ಲಿ ಆರ್‌ಎಕ್ಸ್ ಆಫ್‌ಸೆಟ್ ಅಂತ ಒಂದು ಖಾನೆ ಇದೆ. 50 ಹರ್ಟ್ಸ್ ಬದಲಿಸುವುದು, ಸೇವ್ ಮಾಡುವುದು, ಅದು ರೀಸ್ಟಾರ್ಟ್ ಆಗುವವರೆಗೆ ಕಾಯುವುದು, ಪಿಟಿಟಿ (ಮಾತಾಡುವಾಗ ಒತ್ತುವ ಗುಂಡಿ) ಒತ್ತಿ ಹತ್ತು ಎಣಿಸುವುದು, ಬಿಇಆರ್ ನೋಡುವುದು. 7.2 ಇದ್ದದ್ದು 5 ಆಯಿತು, 3 ಆಯಿತು, 1.1. ಮೈನಸ್ 450ಕ್ಕೆ ಬಂದಾಗ 0.3. ರಾತ್ರಿ ಒಂದೂವರೆ ಆಗಿತ್ತು. ಗಿಳಿಯ ಬಾಯಲ್ಲಿ ನನ್ನ ಕಾಲ್‌ಸೈನ್ (ಹ್ಯಾಮ್ ಲೈಸೆನ್ಸಿನ ಗುರುತಿನ ಹೆಸರು) ಪೂರ್ತಿಯಾಗಿ, ಒಡೆಯದೆ ಬಂತು. ಪಕ್ಕದ ಕೋಣೆಯಿಂದ ಮನೆಯವರು 'ಇನ್ನೂ ಹತ್ತು ಎಣಿಸೋದು ಮುಗಿದಿಲ್ವಾ' ಅಂತ ಕೇಳಿದರು.

ಬೋರ್ಡಿನ ಈ ಕೊರತೆಗೆ ಅರ್ಧ ಸ್ಟಾರ್ ಕಳೆದೆ. ಪ್ರತಿ ಬೋರ್ಡಿಗೂ ಅದರ ಆಫ್‌ಸೆಟ್ ಅಳೆದು ಒಂದು ಚೀಟಿ ಅಂಟಿಸಿ ಕೊಡಬಹುದು, ಕೆಲವರು ಕೊಡುತ್ತಾರೆ ಕೂಡ.

ವೈಫೈ ಬಗ್ಗೆ ಒಂದೇ ಮಾತು. ಪೈ ಝೀರೋ ಡಬ್ಲ್ಯುಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ರೂಟರ್ ಬದಲಿಸಿದ ದಿನ 5 ಗಿಗಾಹರ್ಟ್ಸ್ ಮಾತ್ರ ಇಟ್ಟು, ಹಾಟ್‌ಸ್ಪಾಟ್ ಸತ್ತೇ ಹೋಯಿತು ಅಂತ ಒಂದು ಸಂಜೆ ದುಃಖಪಟ್ಟಿದ್ದೇನೆ.

ಹತ್ತು ತಿಂಗಳಾದ ಮೇಲೆ ಸೆಟ್ಟಿಗೆ ಫರ್ಮ್‌ವೇರ್ ಅಪ್‌ಡೇಟ್ ಬಂತು. ಹಾಕಿದೆ, ಯಾಕೆ ಹಾಕಿದೆನೋ. ಹೊಸ ಫರ್ಮ್‌ವೇರ್‌ಗೆ ಹೊಸ ಪ್ರೋಗ್ರಾಮಿಂಗ್ ಸಾಫ್ಟ್‌ವೇರೇ ಬೇಕು, ಹೊಸ ಸಾಫ್ಟ್‌ವೇರ್‌ನಲ್ಲಿ ಹಳೆಯ ಕೋಡ್‌ಪ್ಲಗ್ ತೆರೆದರೆ ಅರ್ಧ ಚಾನೆಲ್‌ಗಳ ಟೈಮ್ ಸ್ಲಾಟ್ 2 ಇದ್ದದ್ದು 1 ಆಗಿ ಕೂತಿತ್ತು. ಎಚ್ಚರಿಕೆ ಏನೂ ಇಲ್ಲ. ಆ ದಿನದಿಂದ ಕೋಡ್‌ಪ್ಲಗ್‌ಗಳನ್ನು ತಾರೀಕಿನ ಹೆಸರಲ್ಲಿ ಇಡುತ್ತೇನೆ, ಚಾನೆಲ್ ಪಟ್ಟಿಯನ್ನು ಬೇರೆಯಾಗಿ ಸಿಎಸ್‌ವಿ ಫೈಲಿಗೂ ತೆಗೆದಿಡುತ್ತೇನೆ. ಜಗತ್ತಿನ ಡಿಎಂಆರ್ ಹ್ಯಾಮ್‌ಗಳ ಎರಡು ಲಕ್ಷಕ್ಕೂ ಹೆಚ್ಚು ಐಡಿಗಳ ಪಟ್ಟಿಯನ್ನು ಸೆಟ್ಟಿಗೆ ತುಂಬುವಾಗ ಕೇಬಲ್ ಮುಟ್ಟಲೂಬೇಡಿ, ಮುಗಿಯುವವರೆಗೆ ಮೇಜಿನಿಂದ ದೂರ ಇರುವುದೇ ಕ್ಷೇಮ.

ಇಷ್ಟು ಬೈದವನು ಮೂರೂವರೆ ಯಾಕೆ ಕೊಟ್ಟೆ? ಒಂದು, ಬ್ಯಾಟರಿ. 12.5 ಕಿಲೋಹರ್ಟ್ಸ್ ಚಾನೆಲ್ಲನ್ನು ಎರಡು ಸ್ಲಾಟ್ ಮಾಡಿ ಹಂಚುವುದರಿಂದ, ಮಾತಾಡುವಾಗ ಟ್ರಾನ್ಸ್‌ಮಿಟರ್ ಹೆಚ್ಚು ಕಡಿಮೆ ಅರ್ಧ ಹೊತ್ತು ಮಾತ್ರ ಉರಿಯುತ್ತದೆ. ನನ್ನ ಹಳೆಯ ಅನಲಾಗ್ ಸೆಟ್ ಸಂಜೆಗೇ ಚಾರ್ಜ್ ಕೇಳುತ್ತಿತ್ತು, ಇದು ಮರುದಿನಕ್ಕೂ ಬರುತ್ತದೆ. ಎರಡು, ಆಂಟೆನಾ ಕಟ್ಟಲು ತಾರಸಿ ಇಲ್ಲದವನಿಗೆ ಕೋಣೆಯಲ್ಲಿ ಕೂತು ಸಾವಿರಾರು ಮೈಲಿ ಆಚೆಯವರ ಜೊತೆ ಸದ್ದುಗದ್ದಲ ಇಲ್ಲದೆ ಮಾತಾಡಲು ಸಿಗುತ್ತದೆ. 'ಇಂಟರ್ನೆಟ್ ಮೇಲೆ ಹೋದರೆ ಅದೂ ರೇಡಿಯೊನಾ' ಅಂತ ಮೂಗು ಮುರಿಯುವವರಿದ್ದಾರೆ, ಅವರ ಜೊತೆ ಜಗಳ ನನಗೆ ಬೇಡ. ನನಗೂ ಎಚ್‌ಎಫ್‌ನಲ್ಲಿ, ಅಂದರೆ ಶಾರ್ಟ್‌ವೇವ್‌ನಲ್ಲಿ ಮೋರ್ಸ್ ಹೊಡೆದಾಗಲೇ ಹೆಚ್ಚು ಸುಖ. ಮೂರನೆಯದು ಸ್ವಲ್ಪ ವಿಚಿತ್ರ. ಈ ಎರಡು ವರ್ಷದಲ್ಲಿ ಎಂಟು ಜನರ ಸೆಟ್ ಸರಿಮಾಡಿ ಕೊಟ್ಟಿದ್ದೇನೆ. ಅದರಲ್ಲಿ ಐದಕ್ಕೆ ಹಸಿರು ದೀಪ ಉರಿಯುತ್ತಿತ್ತು, ಸೌಂಡ್ ಇರಲಿಲ್ಲ. ಫೋನಿನಲ್ಲೇ ಹೇಳಿ ಮುಗಿಸಿದೆ.

ಒಂದು ದೋಷ ಮಾತ್ರ ಇವತ್ತಿನವರೆಗೂ ಹೋಗಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಇದ್ದ ಮೇಲೆ ಪಿಟಿಟಿ ಒತ್ತಿ ತಕ್ಷಣ ಮಾತಾಡಿದರೆ ಮೊದಲ ಅಕ್ಷರ ಆ ಕಡೆಗೆ ತಲುಪುವುದಿಲ್ಲ. ಒತ್ತಿ, ಒಂದು ಸೆಕೆಂಡ್ ಬಿಟ್ಟು ಮಾತಾಡಬೇಕು ಅಂತ ಗೊತ್ತಿದೆ, ಆತುರದಲ್ಲಿ ಮರೆತುಹೋಗುತ್ತದೆ. ಗ್ರೂಪಿನಲ್ಲಿ ಕೆಲವರು ನನ್ನ ಕಾಲ್‌ಸೈನನ್ನು ಮೊದಲ ಅಕ್ಷರ ಬಿಟ್ಟೇ ಬರೆದುಕೊಂಡಿದ್ದಾರೆ.